ಶುಕ್ರವಾರದ ಫಿಯೆಟ್

ಶುಕ್ರವಾರ ಬೆಳಿಗ್ಗೆ ಬಷೀರಾ ಖಾಲಾ ಶೆಡ್ಡಿಗೆ ಹೋದಾಗ ಬೀಗ ಮುರಿದುಬಿದ್ದಿತ್ತು. ಒಳಗೆ ಕಾರಿರಲಿಲ್ಲ. ನೆಲದ ಮೇಲೆ ಆಯಿಲ್ ಕಲೆ ಮಾತ್ರ.

ಹೋದದ್ದು ಕೆನೆಬಣ್ಣದ ಹಳೆ ಫಿಯೆಟ್. ಖಾಲಾಗೆ ಗಂಡ ಅಬ್ದುಲ್ ರಜಾಕ್ ಡ್ರೈವಿಂಗ್ ಕಲಿಸಿದ್ದು ಅದರಲ್ಲೇ, ದೇವರಾಯಸಮುದ್ರದ ಕೆರೆ ಪಕ್ಕದ ಮಣ್ಣುರಸ್ತೆಯಲ್ಲಿ. ಅವರು ತೀರಿಕೊಂಡ ಮೇಲೂ ಪ್ರತಿ ಶುಕ್ರವಾರ ಖಾಲಾ ಮುಳಬಾಗಿಲಿನಿಂದ ತಾವೇ ಓಡಿಸಿಕೊಂಡು ಹೋಗಿ ಕೆರೆ ನೋಡಿ ಬರುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸಿಗೆ ವಾರಕ್ಕೆಲ್ಲ ಅದೊಂದೇ ಸಂತೋಷ. ನನ್ನ ಕಾರಿನಲ್ಲಿ ಕರೆದೊಯ್ಯುತ್ತೇನೆಂದರೆ ಮುಖ ಸಿಂಡರಿಸಿದರು.

“ನಾನೇನು ಹೆಣಾನಾ, ಬೇರೆಯವರು ತಗೊಂಡ್ ಹೋಗಕ್ಕೆ?”

ಮೊದಲ ಅನುಮಾನ ನನ್ನ ಮೇಲೆಯೇ. ಅದನ್ನು ಗುಜರಿಗೆ ಹಾಕಿ ಎಂದು ವರ್ಷಗಟ್ಟಲೆ ಪೀಡಿಸಿದವನು ನಾನು — ಜುಬೇರ್, ಅವರ ತಂಗಿಯ ಮಗ. ಎದುರುಮನೆಯ ವೆಂಕಟರತ್ನಮ್ಮ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇವನಿಗೆ ಆ ಗಾಡಿ ಗೇರ್ ಹಾಕಕ್ಕೇ ಬರಲ್ಲ, ಬಿಡಿ.”

ಅನುಮಾನ ಹೋಯಿತು, ಜೊತೆಗೆ ಮರ್ಯಾದೆಯೂ.

ಉಳಿದದ್ದು ಕೋಲಾರದ ‘ಹಳೆ ಕಾರು ಬಳಗ’. ಈ ಮಹಾಶಯರು ಭಾನುವಾರ ಬಂತೆಂದರೆ ಮಾಲೂರು, ಶ್ರೀನಿವಾಸಪುರ ಎಂದು ಸುತ್ತಿ, ಬೇಲಿ ಪಕ್ಕ ತುಕ್ಕು ಹಿಡಿದ ಕಾರು ಕಂಡರೆ ಇಳಿದು ನಿಟ್ಟುಸಿರು ಬಿಡುವವರು. ರಾಯಲ್ಪಾಡಿನಲ್ಲಿ ಕೋಳಿ ಕಾವಿಗೆ ಕೂತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಂಡು ಒಬ್ಬ ಅತ್ತೇಬಿಟ್ಟನಂತೆ. ಆಮೇಲೆ ಕೋಳಿಯನ್ನು ಓಡಿಸಿ ಫೋಟೊ ತೆಗೆಸಿಕೊಂಡನಂತೆ. ಟೈರು ಬದಲಿಸಲು ಒಬ್ಬನಿಗೂ ಬರುವುದಿಲ್ಲ. ಬಾಲ್ಯದ ನೆನಪು ಮಾತ್ರ ಬಂಡಿಗಟ್ಟಲೆ. ಹೋದ ತಿಂಗಳು ಅವರಲ್ಲಿಬ್ಬರು ಬಂದು ಖಾಲಾ ಕಾರನ್ನು ಸವರಿ ಹೋಗಿದ್ದರು — ಅಧ್ಯಕ್ಷ ಚಂದ್ರಮೋಹನ್ ಮತ್ತು ವಕ್ಕಲೇರಿಯ ಚನ್ನರಾಯಪ್ಪ.

ಕೋಲಾರಕ್ಕೆ ಹೊರಟೆವು. ಹುಡುಕುವುದಕ್ಕಾದರೆ ಬರುತ್ತೇನೆಂದು ಖಾಲಾ ನನ್ನ ಕಾರು ಹತ್ತಿದರು, ಫಿಯೆಟ್ಟಿನ ಬೀಗದ ಕೈ ಮುಷ್ಟಿಯಲ್ಲಿ ಹಿಡಿದುಕೊಂಡೇ.

ಚಂದ್ರಮೋಹನ್ ಬಟ್ಟೆ ಅಂಗಡಿಯಲ್ಲಿದ್ದರು. ಹಿಂದಿನ ರಾತ್ರಿ ಮಾಲೂರಿನಲ್ಲಿ ಮದುವೆ ಆರತಕ್ಷತೆ, ನೂರಾರು ಜನ ನೋಡಿದ್ದಾರೆ. ಅಷ್ಟು ಹೇಳಿ, ಕೇಳದಿದ್ದರೂ ಫಿಯೆಟ್ ಎಂದರೆ ಕಾರಲ್ಲ, ಒಂದು ಯುಗ ಎಂದು ಭಾಷಣ ಶುರುಮಾಡಿದರು. ವೆಂಕಟರತ್ನಮ್ಮ ತಡೆದರು.

“ಚನ್ನರಾಯಪ್ಪ?”

“ಅವ್ರಿಗ್ಯಾಕೆ ಮೇಡಂ ಕದಿಯೋ ಕರ್ಮ? ಅವ್ರಪ್ಪನ ನೀಲಿ ಫಿಯೆಟ್ಟೇ ಇದೆಯಲ್ಲ.”

“ನೀವು ನೋಡಿದೀರಾ?”

“ಈ ಭಾನುವಾರ ಪ್ರದರ್ಶನಕ್ಕೆ ತರ್ತಾರೆ. ಆಗ ನೋಡ್ತೀವಿ.”

ದಾರಿ ತೋರಿಸಲು ಅವರೂ ಬಂದರು. ವಕ್ಕಲೇರಿಯಲ್ಲಿ, ಗಾಡಿರಸ್ತೆ ಸುತ್ತು ಎಂದು ಕಾರು ನಿಲ್ಲಿಸಿ ಹಿಪ್ಪುನೇರಳೆ ತೋಟದ ನಡುವೆ ನಡೆದೆವು. ರೆಂಬೆಗಳು ಮುಖಕ್ಕೆ ಹೊಡೆಯುತ್ತಿದ್ದವು. ತೋಟದಾಚೆ ಚನ್ನರಾಯಪ್ಪನ ಮನೆ. ಉರಿಬಿಸಿಲಲ್ಲಿ ಆತ ದೊರೆಗಳ ಟೋಪಿ ಹಾಕಿಕೊಂಡು, ಬಾಯಲ್ಲಿ ಉರಿಯದ ಪೈಪು ಕಚ್ಚಿಕೊಂಡು ಕೂತಿದ್ದ. ನೋಡಿದರೆ ನಗು ಬರಲಿಲ್ಲ, ಅಸಹ್ಯವಾಯಿತು. ನೀಲಿ ಫಿಯೆಟ್ ಬೆಂಗಳೂರಿಗೆ ಪಾಲಿಶ್‌ಗೆ ಹೋಗಿದೆ, ತಾನು ವಾರದಿಂದ ಮನೆ ಬಿಟ್ಟು ಕದಲಿಲ್ಲ ಎಂದ.

ಮನೆ ಪಕ್ಕದಲ್ಲಿ ಉದ್ದನೆಯ ರೇಷ್ಮೆ ಹುಳುಮನೆ. ಹೊಸಿಲ ಮೇಲೆ ಸುಣ್ಣದ ಪುಡಿ ಚೆಲ್ಲಿತ್ತು.

“ಅಲ್ಲಿಗೆ ಮಾತ್ರ ಬರಂಗಿಲ್ಲ ಮೇಡಂ. ಹುಳು ನಾಲ್ಕನೇ ಜ್ವರ ಎದ್ದವೆ.”

ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿವೆ, ಇನ್ನು ಮೇಯ್ದು ಗೂಡು ಕಟ್ಟುವುದೊಂದೇ ಬಾಕಿ ಎಂದರ್ಥ. ನಮ್ಮ ಕಡೆ ಈ ಮಾತು ಹೇಳಿದರೆ ಪೊಲೀಸರೂ ಹೊಸಿಲು ದಾಟುವುದಿಲ್ಲ. ಹೊರಗಿನವರ ಕಾಲಿನಿಂದ ರೋಗ ತಗುಲಿ ಬೆಳೆ ಹೋದರೆ ಆ ಪಾಪ ಯಾರಿಗೆ ಬೇಕು? ನಾನು ಹಿಂದೆ ಸರಿದೆ. ವೆಂಕಟರತ್ನಮ್ಮನೂ ನಿಂತರು. ಆದರೆ ಬಾಗಿಲಿಗೆ ಕಿವಿಗೊಟ್ಟು ನಿಂತರು.

“ಸೊಪ್ಪು ಎಲ್ಲಿಂದ ತರ್ತೀರಿ?”

“ತರೋದ್ಯಾಕೆ? ನಮ್ಮ ತೋಟದ್ದೇ.”

“ಜುಬೇರ್, ಬಾಗಿಲು ತೆಗಿ.”

ಒಳಗಿಂದ ಪೇಂಟಿನ ವಾಸನೆ ಮುಖಕ್ಕೆ ರಾಚಿತು. ತಟ್ಟೆಗಳಿಲ್ಲ, ಹುಳುಗಳಿಲ್ಲ. ಖಾಲಾ ಅವರ ಫಿಯೆಟ್ ನಿಂತಿತ್ತು — ಒಂದು ಮಗ್ಗುಲು ಆಗಲೇ ನೀಲಿ.

“ನಾಲ್ಕನೇ ಜ್ವರ ಎದ್ದ ಹುಳು ತೋಟಾನೇ ಬೋಳಿಸುತ್ತೆ,” ಎಂದರು ವೆಂಕಟರತ್ನಮ್ಮ. “ನಿನ್ನ ತೋಟದಲ್ಲಿ ಒಂದು ಕಡ್ಡಿ ಕಡಿದಿಲ್ಲ. ಮೇಯೋ ಸದ್ದು ಸೋನೆ ಮಳೆ ಥರ ಬಾಗಿಲಾಚೆ ಕೇಳುತ್ತೆ. ಇಲ್ಲಿ ಏನೂ ಇಲ್ಲ. ನಿಮ್ಮಪ್ಪ ಕಾರು ಇಟ್ಟಿರಲಿಲ್ಲ, ಅಲ್ವಾ?”

ಚನ್ನರಾಯಪ್ಪ ಟೋಪಿ ತೆಗೆದ. ಟೊಮ್ಯಾಟೊ ಸಾಗಿಸುವ ಟೆಂಪೊದಲ್ಲಿ, ಟಾರ್ಪಾಲ್ ಮುಚ್ಚಿ ತಂದದ್ದನ್ನು ಒಪ್ಪಿಕೊಂಡ.

“ಸೈಕಲ್ಲಿತ್ತು. ಅದ್ರಲ್ಲೇ ಗೂಡು ಹೇರ್ಕೊಂಡು ಮಾರ್ಕೆಟ್ಟಿಗೆ ಹೋಗ್ತಿದ್ರು. ಬಳಗದಲ್ಲಿ ಎಲ್ರಿಗೂ ಒಂದೊಂದು ಕಾರಿನ ನೆನಪಿತ್ತು ಮೇಡಂ...”

“ಕಾರಿನ ನೆನಪು ಕದ್ದೆ. ಅಪ್ಪನ ಕಸುಬು ಮರೆತೆ. ಹುಳ ಸಾಕೋನು ಹೇಳೋ ಸುಳ್ಳೇನೋ ಇದು?”

ಠಾಣೆಯವರು ಬಂದು, ಫೋಟೊ ತೆಗೆದು, ಅವನನ್ನು ಜೀಪಿಗೆ ಹತ್ತಿಸಿ, ಕಾರನ್ನು ಖಾಲಾಗೆ ಒಪ್ಪಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು. ಈ ವಯಸ್ಸಿನಲ್ಲಿ ನಿಮಗ್ಯಾಕೆ ಕಷ್ಟ, ನಾನೇ ಓಡಿಸುತ್ತೇನೆ ಎಂದು ಚಂದ್ರಮೋಹನ್ ಬೀಗದ ಕೈ ಇಸಿದುಕೊಂಡು ಕೂತರು. ಸೀಟಿನ ಪಕ್ಕ, ಕಾಲ ಬುಡದಲ್ಲಿ ಕೈಯಾಡಿಸಿ ಗೇರು ಹುಡುಕತೊಡಗಿದರು. ಫಿಯೆಟ್ಟಿನ ಗೇರು ಸ್ಟೀರಿಂಗಿನ ಕೆಳಗೇ ಇತ್ತು, ಅವರ ಮೂಗಿನ ಮುಂದೆ.

“ಇಳಿ,” ಎಂದರು ಖಾಲಾ.

ಒಂದು ಯುಗವೇ ಇಳಿದು ಪಕ್ಕಕ್ಕೆ ನಿಂತಿತು. ಖಾಲಾ ಚೋಕ್ ಎಳೆದರು, ಎಂಜಿನ್ ಕೆಮ್ಮಿ ಎದ್ದಿತು. ನನ್ನ ಕಾರನ್ನು ವೆಂಕಟರತ್ನಮ್ಮ ಹಿಂದೆ ತರುತ್ತೇನೆಂದರು. ನಾನು ಖಾಲಾ ಪಕ್ಕದ ಸೀಟಿಗೆ ಕೈ ಹಾಕಿದೆ. ಅದು ರಜಾಕ್ ಖಾಲೂ ಕೂತು ಕಲಿಸಿದ ಜಾಗ.

“ಹಿಂದೆ ಕೂತ್ಕೋ,” ಎಂದರು. “ಶುಕ್ರವಾರ ಇನ್ನೂ ಮುಗಿದಿಲ್ಲ.”