ಒಂದು ತೂಗು, ಒಂದು ತಡೆ

“ಏಯ್ ಫಕೀರೇಶ, ವಾಲ್ವ್ ಮುಟ್ಟಬ್ಯಾಡ! ಹಳ್ಳದ ಉಸುಕು ತೊಳಿಯೋ ಕೈ ಅದು. ಏಳನೇ ಇಯತ್ತೆಗೆ ಸಾಲಿ ಬಿಟ್ಟವಗ ಅಣು ಏನ್ ತಿಳಿತೈತಿ?”

ಹುಬ್ಬಳ್ಳಿ ಆಸ್ಪತ್ರೆಯಿಂದ ಬಂದವರು ಗೊಳ್ಳೆಂದು ನಕ್ಕರು. ಬೈದವರು ಯಂತ್ರ ಕಂಡುಹಿಡಿದ ಡಾ. ಅರಳಿಕಟ್ಟಿ. ಬೈಸಿಕೊಂಡವನು ಗದಗಿನ ಆ ಪ್ರಯೋಗಾಲಯದಲ್ಲಿ ಪಂಪು ನೋಡಿಕೊಳ್ಳುವ ಜಲಗಾರರ ಫಕೀರೇಶ. ಉಸುಕು ತೊಳೆದು ಬಂಗಾರದ ಪುಡಿ ಹಿಡಿಯುವವರ ಮಗ.

ಯಂತ್ರ ಓಡುತ್ತಲೇ ಇತ್ತು. ಗಾಳಿ ತೆಗೆದ ಕೊಳವೆಯೊಳಗೆ ಯಿಟರ್ಬಿಯಂ ಲೋಹದ ಆವಿ, ಅದರ ಮೇಲೆ ಹಸಿರು ಬೆಳಕು. ಆ ಲೋಹದ ಪರಮಾಣುಗಳಿಗೆಲ್ಲ ಎಪ್ಪತ್ತು ಪ್ರೋಟಾನು, ಎಪ್ಪತ್ತು ಎಲೆಕ್ಟ್ರಾನು. ನ್ಯೂಟ್ರಾನಿನಲ್ಲಷ್ಟೇ ಹೆಚ್ಚುಕಮ್ಮಿ. ಅವೇ ಐಸೊಟೋಪುಗಳು: ಒಂದೇ ಮನೆಯ ಅಣ್ಣತಮ್ಮಂದಿರು, ತೂಕ ಬೇರೆ. ಎಲ್ಲಕ್ಕಿಂತ ಭಾರದ್ದು ಮಾತ್ರ ರಿಯಾಕ್ಟರಿನಲ್ಲಿ ಬೆಂದು ಕ್ಯಾನ್ಸರ್ ಮದ್ದಾಗುತ್ತದೆ. ಬೆಳಕು ಅದರಿಂದ ಮಾತ್ರ ಒಂದು ಎಲೆಕ್ಟ್ರಾನನ್ನು ಕಿತ್ತು ಹಾಕಿದರೆ, ವಿದ್ಯುತ್ ತಟ್ಟೆ ಅದನ್ನು ಎಳೆದುಕೊಳ್ಳುತ್ತದೆ.

ಪರದೆಯ ಮೇಲೆ ಶುದ್ಧತೆ ಶೇಕಡಾ ತೊಂಬತ್ತೊಂದು.

“ತೊಂಬತ್ತೊಂಬತ್ತು ಇರಲಿಲ್ಲಂದ್ರ ರೋಗಿಗೆ ಕೊಡಂಗಿಲ್ರಿ,” ಎಂದರು ಡಾ. ಮುಮ್ತಾಜ್. ಹುಬ್ಬಳ್ಳಿಯ ಅವರ ವಾರ್ಡಿನಲ್ಲೇ ಫಕೀರೇಶನ ಅಪ್ಪ ಆ ಮದ್ದಿಗೆ ಕಾದು ಮಲಗಿದ್ದ.

ಅರಳಿಕಟ್ಟಿ ಬೆವರೊರೆಸಿ, ವಾಲ್ವ್ ತಿರುವಿ ಆವಿಯನ್ನು ಇನ್ನಷ್ಟು ಬಿಟ್ಟರು. ಎಂಬತ್ತೆಂಟಕ್ಕೆ ಇಳಿಯಿತು.

ಫಕೀರೇಶ ಪಂಪು ಬಿಟ್ಟು ವಾಲ್ವ್ ಹತ್ತಿರ ಬಂದ. ಹಳ್ಳದಲ್ಲಿ ಮರಿಗೆ, ಉಸುಕು ಜಾಲಿಸುವ ಮರದ ತಟ್ಟೆ, ಹಿಡಿಸಿ ಅಪ್ಪ ಬೈಯುತ್ತಿದ್ದದ್ದು ಇದಕ್ಕೇ: “ಒಂದೇ ಸಮ ಆಡಿಸಿದ್ರ ಬಂಗಾರಾನೂ ಉಸುಕಿನ ಕೂಡ ಓಡ್ತೈತಲೇ! ಒಂದು ತೂಗು, ಒಂದು ತಡೆ.”

ಸಾಹೇಬರ ಕೈಯನ್ನು ಸರಿಸಿ ಅವನು ವಾಲ್ವ್ ಹಿಡಿದ. ಮುಚ್ಚಿದ. ಒಂದು ಉಸಿರು. ತೆರೆದ. ಮತ್ತೆ ಮುಚ್ಚಿದ.

“ಏ ಹುಚ್ಚಾ, ಬಿಡಲೇ!” ಅರಳಿಕಟ್ಟಿ ಚೀರಿದರು.

ತೊಂಬತ್ತಮೂರು. ತೊಂಬತ್ತೇಳು. ತೊಂಬತ್ತೊಂಬತ್ತು.

ಅರಳಿಕಟ್ಟಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. “ಆವಿ ದಟ್ಟಾದ್ರ ಭಾರದ್ದು ಪಕ್ಕದವರ ಎಲೆಕ್ಟ್ರಾನ್ ಕಸಗೊಂಡು ಪಾರಾಗ್ತಿತ್ತು! ಅದರ ಬದಲಿ ಪಕ್ಕದ್ದು ತಟ್ಟಿಗೆ ಬೀಳ್ತಿತ್ತು. ತಡದು ತಡದು ಬಿಟ್ರ ಆವಿ ತೆಳುವಾಗಿ ಕಸಗೊಳ್ಳಾಕ ಪಕ್ಕದಾಗ ಯಾರೂ ಇರಂಗಿಲ್ಲ...”

“ಇದು ರಿಯಾಕ್ಟರಿಗೆ ಹೋಗಿ ಬರಲಿ, ಫಕೀರೇಶ,” ಎಂದರು ಮುಮ್ತಾಜ್. “ಎರಡು ವಾರದಾಗ ನಿಮ್ಮಪ್ಪಗ ಮದ್ದು.”

ಅವನು ಬಾಗಿಲ ಕಡೆ ನಡೆದ. ಅಲ್ಲಿ ಊರಿನ ಹಳೆ ವಸ್ತುಗಳನ್ನಿಟ್ಟ ಗಾಜಿನ ಪೆಟ್ಟಿಗೆಯಲ್ಲಿ ಅವನ ತಾತನ ಮರಿಗೆ ಇತ್ತು. ಮೂವತ್ತು ವರ್ಷಗಳ ಹಿಂದೆ ಯಾರೋ ಹಚ್ಚಿದ ಚೀಟಿ: ‘ಮರದ ತಟ್ಟೆ. ಉಪಯೋಗ ಗೊತ್ತಿಲ್ಲ. ೨೦೨೬.’ ಆಗ ತಾತ ಇನ್ನೂ ಬದುಕಿದ್ದ. ಎರಡೇ ಹರದಾರಿ ದೂರದಲ್ಲಿ; ಯಾರೂ ಹೋಗಿ ಕೇಳಿರಲಿಲ್ಲ.

“ಇಷ್ಟು ದಿನ ಯಾಕ ಹೇಳಲಿಲ್ಲೋ, ತಮ್ಮಾ?” ಹಿಂದಿನಿಂದ ಅರಳಿಕಟ್ಟಿ ಕೂಗಿದರು.

ಫಕೀರೇಶ ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದ. ಹುಬ್ಬಳ್ಳಿ ಬಸ್ಸಿಗೆ ಹೊತ್ತಾಗಿತ್ತು.