ಕುಂಕುಮವಿಟ್ಟ ಜಾಗ

ಈ ಕೌಶಲ್‌ನನ್ನು ಸುಮ್ಮನೆ ಬಿಡಬಾರದೆಂದು ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ನಿಂತೇ ತೀರ್ಮಾನಿಸಿದೆ. ಗಣಪತಿ ಹಬ್ಬಕ್ಕೆ ಮುಂಚೆ ಸೊಸೈಟಿ ಕ್ಲೀನ್ ಮಾಡಿಸಲು ಹೊರಟ ಈ ಹೊಸ ಸೆಕ್ರೆಟರಿ ಸಾಹೇಬರು, ತೀರಿಹೋದ ನನ್ನ ಅಪ್ಪನ ಇಟಾಲಿಯನ್ ರೇಸಿಂಗ್ ಸೈಕಲ್ಲನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿದ್ದರು!

ಅಂಬರನಾಥದ ಫ್ಯಾಕ್ಟರಿಗೆ ಮೆಷಿನ್ ಕೂರಿಸಲು ಬಂದಿದ್ದ ಇಟಲಿಯ ಎಂಜಿನಿಯರ್, ಹೊರಡುವಾಗ ಅಪ್ಪನಿಗೆ ಬಿಟ್ಟುಹೋದ ಸೈಕಲ್ ಅದು. ಅಪ್ಪನದೆಂದು ನನಗೆ ಉಳಿದಿದ್ದು ಅದೊಂದೇ.

"ತುಕ್ಕು ಹಿಡಿದಿತ್ತು ಕಣ್ರೀ. ಯಾರೋ ಬಿಟ್ಟುಹೋಗಿದ್ದು ಅಂದ್ಕೊಂಡೆ."

"ತುಕ್ಕು ಹಿಡಿದದ್ದು ನಿಮ್ಮ ತಲೆಗೆ. ಅಪ್ಪನ ಇಟಲಿ ಸೈಕಲ್ ಅದು, ಹುಡುಕಿ ತನ್ನಿ!"

"ಸರಿಯಾಗಿ ನೋಡಿಲ್ಲ. ಹೇಗಿತ್ತು ಹೇಳಿ."

"ಹೇಳುದಿಲ್ಲ. ಒದ್ದಾಡಿ."

ಒದ್ದಾಡಿದ. ಭಿವಂಡಿಯ ಗುಜರಿ ಗೋಡೌನುಗಳನ್ನೆಲ್ಲ ಸುತ್ತಿ, ಒಂದು ಭಾನುವಾರ ಸೈಕಲ್ ತಂದು ನಿಲ್ಲಿಸಿದ. ಮೊಣಕೈತನಕ ಗ್ರೀಸು.

"ಪೆಡಲ್ ತಿರುಗೋ ನಡು ಅಚ್ಚಿನ ತಿರುಪು ನೋಡಿ. ಬೇರೆ ಸೈಕಲ್‌ಗಳಲ್ಲಿ ಎಡಬಲಕ್ಕೆ ಒಂದೊಂದು ದಿಕ್ಕು, ಇಟಲಿಯವರದ್ದು ಎರಡೂ ಒಂದೇ ದಿಕ್ಕು. ತುಕ್ಕು ಮಾತ್ರ ಎಣ್ಣೆಬಟ್ಟೇಲಿ ಒರೆಸಿದೀನಿ. ಹಳೇ ಬಣ್ಣ ಮುಟ್ಟಿಲ್ಲ."

ಕಣ್ಣರಳಿಸಿ ನೋಡಿದೆ. ಅಪ್ಪನದೇ. ಅವನೋ, ಶಾಬಾಸ್ ಅನ್ನುತ್ತೇನೆಂದು ನನ್ನ ಮುಖವನ್ನೇ ನೋಡುತ್ತಿದ್ದ. ಇಷ್ಟು ಬೇಗ ಮಾಫಿಯೇ?

"ಇದಲ್ಲ," ಎಂದೆ.

ಒಂದು ಗಳಿಗೆ ನನ್ನನ್ನೇ ದಿಟ್ಟಿಸಿ, "ಸರಿ, ಇದು ನನ್ನ ಹತ್ರ ಇರ್ಲಿ. ಬೇರೆ ಹುಡುಕ್ತೀನಿ," ಎಂದ.

ಆಮೇಲೆ ಪ್ರತಿ ಭಾನುವಾರವೂ ಯಾವುದೋ ಸೈಕಲ್ ತರುತ್ತಿದ್ದ. ನಾನು ಕೈಕಟ್ಟಿ ನಿಂತು "ಇದೂ ಅಲ್ಲ" ಎನ್ನುತ್ತಿದ್ದೆ. ಅಬ್ಬಾ, ಎಂಥ ಸುಖ! ಸೇಡು ತೀರಿಸಲು ಇಳಿಯುವವಳು ಕಣ್ಣಿಗೆ ಕಾಡಿಗೆ ಯಾಕೆ ಹಚ್ಚುತ್ತಿದ್ದೆ ಎಂದು ಮಾತ್ರ ಕೇಳಬೇಡಿ.

ಆಯುಧಪೂಜೆ ಬಂತು. ಅಪ್ಪ ಒಂದು ವರ್ಷವೂ ತಪ್ಪಿಸಿದವರಲ್ಲ. ನನ್ನ ಹಟದಿಂದ ಈ ಸಲ ಅವರ ಸೈಕಲ್ಲಿಗೆ ಪೂಜೆಯೇ ಇಲ್ಲ ಎಂದುಕೊಂಡು ಕೆಳಗಿಳಿದರೆ, ಬೈಕುಗಳ ಸಾಲಿನಲ್ಲಿ ಅಪ್ಪನ ಸೈಕಲ್ಲೂ ನಿಂತಿತ್ತು. ಬಿಳಿ ಅಂಗಿಯ ಕೌಶಲ್ ಕುಂಕುಮದ ಬಟ್ಟಲು ಚಾಚಿದ.

"ಯಾರದ್ದೋ ಏನೋ. ಪೂಜೆ ನೀವೇ ಮಾಡಿ, ಯಾಮಿನಿ."

ಬಣ್ಣ ಕೆಡುತ್ತದೆಂದು ಅಪ್ಪ ಹ್ಯಾಂಡಲ್ಲಿಗೆ ಕುಂಕುಮ ಹಚ್ಚುತ್ತಿರಲಿಲ್ಲ. ನಾನೂ ಅವರಂತೆಯೇ ಬಗ್ಗಿ, ಪೆಡಲ್ ಅಚ್ಚಿನ ಅಡಿಗೆ, ಯಾರಿಗೂ ಕಾಣದಲ್ಲಿ ಬೆರಳೊತ್ತಿದೆ. ಬೆರಳಿಗೆ ಒರಟಾಗಿ ತಾಗಿತು. ಅಪ್ಪ ವರ್ಷವರ್ಷ ಇಟ್ಟ ಕುಂಕುಮ ಎಣ್ಣೆ ಹಿಡಿದು ಗಟ್ಟಿಯಾಗಿ ಹಾಗೇ ಇತ್ತು. ಇಡೀ ಸೈಕಲ್ ಒರೆಸಿದವನು ಅಷ್ಟನ್ನು ಬಿಟ್ಟಿದ್ದ.

"ಇನ್ನೊಬ್ಬರ ಸೈಕಲ್‌ಗೆ ಕುಂಕುಮ ಎಲ್ಲಿಡಬೇಕು ಅಂತ ನಿಮಗೆ ಹೇಗ್ರೀ ಗೊತ್ತು?"

ಸಿಕ್ಕಿಬಿದ್ದಿದ್ದೆ. ಕಣ್ಣು ತುಂಬಿತು. "ನಿಮಗೆ ಯಾವಾಗ ಗೊತ್ತಾದದ್ದು?"

"ಮೊದಲ ಭಾನುವಾರವೇ. ನಿಮ್ಮ ಮುಖ ಹೇಳ್ತು."

"ಮತ್ತೆ ಭಿವಂಡಿಗೆ ಎಂತಕ್ಕೆ ಅಲೆದದ್ದು ಮಾರಾಯ್ರೇ?"

"ಸೇಡು ಮುಗಿದ್ರೆ ನೀವು ಕೆಳಗೆ ಬರಲ್ವಲ್ಲ."

ಎಷ್ಟು ಸೊಕ್ಕು! ಬೆರಳಲ್ಲಿ ಉಳಿದಿದ್ದ ಕುಂಕುಮವನ್ನೆಲ್ಲ ಅವನ ಬಿಳಿ ಅಂಗಿಗೆ, ಸರಿಯಾಗಿ ಎದೆಯ ಮೇಲೆ, ಒತ್ತಿ ಒರೆಸಿದೆ.

"ಇದನ್ನೂ ಹಾಗೇ ಇಟ್ಟುಕೊಳ್ಳಬೇಕು," ಎಂದೆ. "ತೊಳೆದ್ರೆ ನೋಡಿ ಮತ್ತೆ!"