ಮೂವತ್ತೊಂದನೇ ಪುಟ

"ನಲವತ್ತಾರು ಪುಟದಲ್ಲಿ ನಿಮ್ಮವ್ವ ಎಲ್ಲಿದಾರೆ?"

ಪ್ರಜ್ಞಾ ತಲೆಯೆತ್ತಿ ನೋಡಿದಳು. ಎದುರಿಗೆ ಕುಳಿತವನ ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ. ಒಂದು ಗಂಟೆಯಿಂದ ಅವಳು ಗ್ರಾಫ್, ಕೋಷ್ಟಕ, ತರಂಗಗಳ ಚಿತ್ರ ಎಲ್ಲವನ್ನೂ ಬೆವರು ಸುರಿಸಿ ವಿವರಿಸಿದ್ದಳು. ಕೊನೆಗೆ ಇವನು ಕೇಳಿದ್ದು ಇದು!

"ನಮ್ಮವ್ವನಿಗೂ ಇದಕ್ಕೂ ಏನು ಸಂಬಂಧ?"

"ಈ ಪೆಟ್ಟಿಗೆ ಯಾಕೆ ಮಾಡಿದ್ರಿ ಅಂತ ಆಗ ಕೇಳಿದ್ನಲ್ಲ, ನೀವು ಕಿಟಕಿ ಕಡೆ ನೋಡಿದ್ರಿ. ಕೆಳಗೆ ನಿಮ್ಮವ್ವ ಕಾಯಿ ಆರಿಸ್ತಾ ಇದ್ರು. ಅದಕ್ಕೇ ಕೇಳ್ದೆ."

ಇಷ್ಟು ಸೂಕ್ಷ್ಮವಾಗಿ ಯಾರಾದರೂ ತನ್ನನ್ನು ಗಮನಿಸಿದ್ದುಂಟೇ... ಅವಳಿಗೆ ಸಿಟ್ಟೂ ಬಂತು, ಕೆನ್ನೆಯೂ ಬಿಸಿಯಾಯಿತು.

ಅಜ್ಜಂಪುರದ ಪ್ರಜ್ಞಾ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಅವಳ ತಾಯಿ ತಿಪ್ಪಮ್ಮ ಕಡೂರಿನ ಅಟ್ಟಗಳಲ್ಲಿ ಮೂವತ್ತು ವರ್ಷದಿಂದ ಕೊಬ್ಬರಿ ಕಾಯಿ ಆರಿಸುತ್ತಿದ್ದಳು. ಕಾಯಿ ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಬೇಕು. ಒಳಗಿನ ನೀರು ಬತ್ತಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೇ ತಿಳಿಯಬೇಕು. ಬೇಗ ಒಡೆದರೆ ಬೂಷ್ಟು ಹಿಡಿಯುತ್ತದೆ. ಪ್ರಜ್ಞಾಳ ಪುಟ್ಟ ಪೆಟ್ಟಿಗೆ ಕಾಯಿಯನ್ನು ಮೆಲ್ಲಗೆ ತಟ್ಟಿ, ಬರುವ ಸದ್ದನ್ನು ಅಳೆದು, ಕೊಬ್ಬರಿ ಆಗಿದ್ದರೆ ಹಸಿರು ದೀಪ ತೋರಿಸುತ್ತಿತ್ತು.

ಅದನ್ನು ತೆಂಗು ಬೆಳೆಗಾರ ಮಹಿಳೆಯರ ಸಂಘದ ಮುಂದೆ ಬಿಡುಗಡೆ ಮಾಡಬೇಕಿತ್ತು. ಸಂಘ ಒಪ್ಪಿದರೆ ಐವತ್ತು ಪೆಟ್ಟಿಗೆ ಹಳ್ಳಿಗಳಿಗೆ ಹೋಗುತ್ತವೆ, ಒಪ್ಪದಿದ್ದರೆ ಮೂರು ವರ್ಷದ ಕೆಲಸ ಮೂಲೆ ಸೇರುತ್ತದೆ. ಅದಕ್ಕಾಗಿ ಸಂಘದ ಅಧ್ಯಕ್ಷೆ ಓಬಮ್ಮನೇ ತರೀಕೆರೆಯ ಈ ಶಿವಪ್ರಸಾದನನ್ನು ಕರೆಸಿದ್ದಳು. ಪಂಪ್‌ಸೆಟ್‌ನಿಂದ ಹಿಡಿದು ಬಿತ್ತನೆ ಬೀಜದವರೆಗೆ, ಹೊಸದು ಏನೇ ಬಂದರೂ ಜನರ ಮುಂದೆ ಇಡುವ ಮಾತು, ಚಿತ್ರ ಸಿದ್ಧಪಡಿಸುವುದು ಅವನ ಕೆಲಸ.

ಮೂರು ವಾರ ಅವರು ಕಡೂರಿನಲ್ಲಿ ಸಂಘದ ಮಾಳಿಗೆಯ ಕೋಣೆಯಲ್ಲಿ ಕೂತು ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಜನ ಮನೆಗೆ ಹೋದ ಮೇಲೂ ನೆನಪಿನಲ್ಲಿ ಉಳಿಯುವುದು ಒಂದೇ ಮಾತು, ಅದು ಯಾವುದೆಂದು ನೀವೇ ಹುಡುಕಬೇಕು ಎಂದು ಅವನು ದಿನವೂ ಹೇಳುತ್ತಿದ್ದ. ಅವಳು ದಿನವೂ ಒಂದು ಕಾಯಿ ತಂದು ಆಗಿದೆಯೋ ಇಲ್ಲವೋ ಹೇಳಿ ಎನ್ನುತ್ತಿದ್ದಳು. ಅವನು ಕಣ್ಣು ಮುಚ್ಚಿ, ಅಲ್ಲಾಡಿಸಿ, ಬಹಳ ಗಂಭೀರವಾಗಿ ತಪ್ಪು ಹೇಳುತ್ತಿದ್ದ. ಸಂಜೆ ಬೀರೂರಿನವರೆಗೆ ಇಬ್ಬರದೂ ಒಂದೇ ಬಸ್ಸು. ಆ ದಾರಿ ಇನ್ನಷ್ಟು ಉದ್ದವಿರಬಾರದಿತ್ತೇ ಎಂದು ಅವಳಿಗೆ ಅನಿಸತೊಡಗಿತ್ತು...

ಬಿಡುಗಡೆಯ ಹಿಂದಿನ ದಿನ ಅವನು ಕೊನೆಯ ಪ್ರತಿಯನ್ನು ಫೋನಿಗೆ ಕಳಿಸಿದ. ಒಂಬತ್ತೇ ಪುಟ!

ಮೊದಲ ಪುಟದಲ್ಲಿ ಬರೀ ಆರು ತೆಂಗಿನಕಾಯಿಗಳ ಚಿತ್ರ. ಮುಖಪುಟದ ಅಲಂಕಾರ ಇರಬೇಕೆಂದು ದಾಟಿದಳು. ಅವಳ ಕಣ್ಣು ಹುಡುಕಿದ್ದು ತನ್ನ ಮೂವತ್ತೊಂದನೇ ಪುಟದ ಕೋಷ್ಟಕವನ್ನು. ನೂರು ಕಾಯಿ, ತೊಂಬತ್ನಾಲ್ಕು ಸರಿ, ಆರು ತಪ್ಪು. ಎಲ್ಲಿಯೂ ಇರಲಿಲ್ಲ.

ತಪ್ಪನ್ನು ಮುಚ್ಚಿಟ್ಟು ಮಾರುವವನೇ ಇವನು? ಇವನನ್ನೇ ನಾನು...

ಫೋನ್ ಮಾಡಿದಳು. ತನ್ನ ಆರು ತಪ್ಪುಗಳನ್ನು ಅಳಿಸಲು ಅವನಿಗೆ ಯಾವ ಅಧಿಕಾರವಿದೆ ಎಂದು ಕೇಳಿದಳು. ಅವನು "ಮೊದಲ ಪುಟ..." ಎನ್ನುವಷ್ಟರಲ್ಲಿ, "ಸುಳ್ಳು ಮಾರೋದು ನನಗೆ ಬರಲ್ಲ ಕಣ್ರೀ. ನಾಳೆ ನೀವು ಬರೋದು ಬೇಡ" ಎಂದು ಫೋನನ್ನೇ ಆಫ್ ಮಾಡಿದಳು.

ಮರುದಿನ ಕಡೂರಿನ ಸಭಾಂಗಣದಲ್ಲಿ ಇನ್ನೂರು ಹೆಂಗಸರು. ಮುಂದಿನ ಸಾಲಿನಲ್ಲಿ ತಿಪ್ಪಮ್ಮ. ಬೇರೆ ಪ್ರತಿ ಮಾಡಲು ಸಮಯವಿರಲಿಲ್ಲ. ಕೊನೆಗೆ ಆರು ತಪ್ಪುಗಳನ್ನು ತಾನೇ ಬಾಯಲ್ಲಿ ಹೇಳುವುದೆಂದು ನಿಶ್ಚಯಿಸಿ ಪ್ರಜ್ಞಾ ಗುಂಡಿ ಒತ್ತಿದಳು.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಆರು ಕಾಯಿಗಳು. ಪ್ರತಿಯೊಂದರ ಮೇಲೂ ಸೀಮೆಸುಣ್ಣದ ಸಂಖ್ಯೆ. ೧೨, ೨೭, ೪೦, ೫೮, ೭೧, ೯೩.

ಅದು ಅವಳದೇ ಕೈಬರಹ! ಪರೀಕ್ಷೆಯಲ್ಲಿ ಒಡೆಯುವ ಮುಂಚೆ ಅವಳೇ ತೆಗೆದಿಟ್ಟಿದ್ದ ಚಿತ್ರಗಳು.

ಅವನು ಅಳಿಸಿರಲಿಲ್ಲ. ಮೂವತ್ತೊಂದನೇ ಪುಟದಿಂದ ಎತ್ತಿ ಎಲ್ಲಕ್ಕಿಂತ ಮುಂದೆ ತಂದಿಟ್ಟಿದ್ದ. ಅಂಕಿಗಳನ್ನು ಹುಡುಕುತ್ತಿದ್ದ ತಾನು ಕಾಯಿಗಳನ್ನೇ ನೋಡಿರಲಿಲ್ಲ...

"ಏನವ್ವ ಇವು?" ಓಬಮ್ಮ ಕೇಳಿದಳು.

ನೂರರಲ್ಲಿ ತನ್ನ ಪೆಟ್ಟಿಗೆ ತಪ್ಪಿದ್ದು ಈ ಆರರಲ್ಲಿ ಎಂದು ಪ್ರಜ್ಞಾ ಹೇಳಿದಳು. ಪೆಟ್ಟಿಗೆ ಹಸಿರು ತೋರಿಸಿತ್ತು, ಅವ್ವ ಆಗಿಲ್ಲ ಅಂದಿದ್ದಳು, ಒಡೆದರೆ ಅವ್ವನದೇ ಸರಿಯಾಗಿತ್ತು. ಸಭೆಯೆಲ್ಲ ನಕ್ಕಿತು.

"ನಿಮ್ಮವ್ವನ ಕಿವಿನೇ ಇರುವಾಗ ಈ ಪೆಟ್ಟಿಗೆ ಯಾಕವ್ವ ಮತ್ತೆ?" ಎಂದಳು ಓಬಮ್ಮ.

ಮೂರು ವಾರ ಹುಡುಕಿಯೂ ಸಿಗದ ಮಾತು ಈಗ ತಾನಾಗಿ ಬಂತು.

"ಈ ಪರೀಕ್ಷೆ ಮಾಡಿದಾಗ ಅವ್ವನ ಕಿವಿ ಚೆನ್ನಾಗಿತ್ತು. ಈಗ ಬಲಗಿವಿ ಕೇಳ್ಸಲ್ಲ. ಎಡಗಿವೀನೂ ಮಂದ ಆಗ್ತಿದೆ. ಆ ಕಿವಿ ಕಲ್ತಿದ್ದು ಅವಳ ಜೊತೆಗೇ ಹೋಗಬಾರದು ಅಂತ ಈ ಪೆಟ್ಟಿಗೆಗೆ ಕಲಿಸ್ತಾ ಇದೀನಿ. ತೊಂಬತ್ನಾಲ್ಕು ಕಲ್ತಿದೆ. ಇನ್ನು ಆರು ಬಾಕಿ ಇದೆ."

ತಿಪ್ಪಮ್ಮನಿಗೆ ಪೂರ್ತಿ ಕೇಳಿಸಿತೋ ಇಲ್ಲವೋ, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ತನ್ನ ತಪ್ಪನ್ನ ಮೊದ್ಲೇ ಹೇಳ್ಕೊಂಡ ಮಿಷಿನ್ನ ಇದೇ ಮೊದ್ಲು ನೋಡಿದ್ದು ಕಣೇ," ಎಂದಳು ಓಬಮ್ಮ. "ಐವತ್ತೂ ನಮಗೇ ಇರಲಿ."

ಉಳಿದ ಎಂಟು ಪುಟ ಮುಗಿಸಿ ಕೆಳಗಿಳಿದಾಗ ತಿಪ್ಪಮ್ಮ ಮಗಳ ಕೈಗೊಂದು ಕಾಯಿ ಇಟ್ಟಳು. ಆ ಹುಡುಗ ಬೆಳಿಗ್ಗೆಯೇ ಬಂದು ಪರದೆ ಕಟ್ಟಿ, ಇವಳ ಕಣ್ಣಿಗೆ ಬೀಳಬಾರದೆಂದು ಬಸ್ ಸ್ಟ್ಯಾಂಡಿಗೆ ಹೋದನೆಂದೂ, ಇವತ್ತಿನ ಕಾಯಿ ಅವನಿಗಿನ್ನೂ ಸಿಕ್ಕಿಲ್ಲವೆಂದೂ ಹೇಳಿದಳು.

ತರೀಕೆರೆ ಬಸ್ಸಿನ ಬಾಗಿಲ ಹತ್ತಿರ ಶಿವಪ್ರಸಾದ್ ನಿಂತಿದ್ದ. ಅವಳು ಏದುಸಿರು ಬಿಡುತ್ತಾ ಎದುರಿಗೆ ಬಂದಳು.

"ಐವತ್ತೂ ತಗೊಂಡ್ರು," ಎಂದಳು. ಆಮೇಲೆ ಮೆಲ್ಲಗೆ, "ತಪ್ಪು ನಂದು. ಇನ್ನೊಂದ್ಸಲ ನೋಡಬೇಕಿತ್ತು. ನಿಮ್ಮನ್ನೂ."

"ನಾನೂ ಒಂದು ಮಾತು ಹೇಳಬೇಕಿತ್ತು," ಎಂದ ಅವನು. "ಊರಿಗೆಲ್ಲ ಮಾತು ಬರ್ಕೊಡ್ತೀನಿ. ನಿಮಗೆ ಹೇಳೋಕೆ ಮಾತ್ರ ಮೂರು ವಾರದಿಂದ ಒಂದು ಸಾಲೂ ಹೊಳೀಲಿಲ್ಲ... ನೀವು ಅಂದ್ರೆ ನನಗಿಷ್ಟ, ಪ್ರಜ್ಞಾ."

ಬಸ್ಸು ಹೊರಟಿತು. ಇಬ್ಬರೂ ಅದನ್ನು ನೋಡಲಿಲ್ಲ. ಅವಳು ಕಾಯಿಯನ್ನು ಅವನ ಕೈಗಿತ್ತಳು. ಅವನು ಕಣ್ಣು ಮುಚ್ಚಿ ಅಲ್ಲಾಡಿಸಿದ.

"ಆಗಿಲ್ಲ."

"ಮತ್ತೆ ತಪ್ಪು," ಅವಳು ಕಣ್ಣೀರಿನ ನಡುವೆಯೇ ನಕ್ಕಳು. "ನಿಮಗೆ ಕಲಿಸೋಕೆ ಇನ್ನೂ ಬಹಳ ಕಾಯಿ ಬೇಕು."

"ನಿಮ್ಮವ್ವ ಆರಿಸೋ ಅಟ್ಟದಲ್ಲಿ ಎಷ್ಟಿವೆ?"

"ಎಂಟು ಸಾವಿರ."

"ದಿನಕ್ಕೆ ಒಂದೇ ತಾನೆ?"

"ಒಂದೇ."

"ಹಾಗಾದ್ರೆ ಸರಿ," ಎಂದು ಅವನು ಅವಳ ಕೈ ಹಿಡಿದುಕೊಂಡ.